ಸೆಕೆ (ಬೇಸಿಗೆಯ ತೇವಭರಿತ ತಾಪ)

ಗಾಳಿಯ ಉಷ್ಣತೆಯೂ ಅದರಲ್ಲಿರುವ ನೀರಾವಿಯೂ ಒಟ್ಟಿಗೆ ಏರಿ, ಮೈಯ ಬೆವರು ಆರದೆ, ದೇಹ ತನ್ನ ಬಿಸಿಯನ್ನು ಹೊರಹಾಕಲು ಹೆಣಗಾಡುವ ಸ್ಥಿತಿಯೇ ಸೆಕೆ. ಒಳನಾಡಿನ ಒಣ ಬಿಸಿಲಿನ ತಾಪಕ್ಕೆ ಈ ಲೇಖನದಲ್ಲಿ ‘ಝಳ’ ಎಂಬ ಪದವನ್ನು ಬಳಸಲಾಗಿದೆ. ಕರ್ನಾಟಕದಲ್ಲಿ ಸೆಕೆಯ ನೆಲೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ (ಗಡಿಯಾಚೆ, ಕೇರಳದ ಕಾಸರಗೋಡೂ ಇದಕ್ಕೆ ಹೊಂದಿಕೊಂಡಿದೆ); ಝಳದ ನೆಲೆ ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರ. ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿರುವುದು ಮಂಗಳೂರನ್ನು, ಅದರಲ್ಲೂ ನಗರದ ಪೂರ್ವಕ್ಕಿರುವ ಶಕ್ತಿನಗರ, ಪದವು, ಕುಲಶೇಖರಗಳ ಮುರಕಲ್ಲಿನ ಏರುನೆಲವನ್ನು. ಕೊಂಕಣಿ ಸಂಸ್ಕೃತಿಯ ಕೇಂದ್ರಗಳಾದ ವಿಶ್ವ ಕೊಂಕಣಿ ಕೇಂದ್ರ, ಕಲಾಂಗಣ್‌ಗಳಿಂದ ಹೊರಗಿನವರಿಗೂ ಪರಿಚಿತವಾದ ಶಕ್ತಿನಗರ ಕಡಲಿನಿಂದ ಕೆಲವು ಕಿಲೋಮೀಟರ್ ಒಳಗಿದೆ. ಕಡಲಿನ ತೇವ ಅಲ್ಲಿಗೆ ಪೂರ್ತಿ ತಲುಪುತ್ತದೆ, ಕಡಲಿನ ಗಾಳಿ ಮಾತ್ರ ಕಟ್ಟಡಗಳ ನಡುವೆ ಸೊರಗಿ ಬರುತ್ತದೆ. ಸೆಕೆ ಮತ್ತು ಝಳ ಬೇರೆ ಬೇರೆ ಸಮಸ್ಯೆಗಳು. ಒಣ ತಾಪವನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಅಳತೆ, ಮನೆ, ಉಪಕರಣ, ಸರಕಾರಿ ನಿಯಮಗಳನ್ನು ಕರಾವಳಿಗೆ ಹಾಗೆಯೇ ತಂದಾಗ ಅವು ಏಕೆ ಸೋಲುತ್ತವೆ ಎಂಬುದು ಮುಂದಿನ ಭಾಗಗಳಲ್ಲಿ ತಿಳಿಯುತ್ತದೆ.

ಕಾರಣ ಮತ್ತು ದೇಹಕ್ರಿಯೆ

ಸುಮ್ಮನೆ ಕುಳಿತ ವಯಸ್ಕರ ದೇಹವೂ ಸುಮಾರು 100 ವಾಟ್‌ಗಳಷ್ಟು ಬಿಸಿಯನ್ನು ಎಡೆಬಿಡದೆ ಉತ್ಪಾದಿಸುತ್ತದೆ. ಕಲ್ಲು ಹೊರುವಾಗ, ಬಲೆ ಎಳೆಯುವಾಗ ಅದು ಹಲವು ಪಟ್ಟು ಹೆಚ್ಚುತ್ತದೆ. ಒಳಮೈಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಉಳಿಯಬೇಕಾದರೆ ಈ ಬಿಸಿ ಚರ್ಮದ ಮೂಲಕ ಹೊರಹೋಗಲೇಬೇಕು. ಬಿಸಿ ವಾತಾವರಣದಲ್ಲಿ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದರ ಹತ್ತಿರಕ್ಕೆ ಬಂದಾಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಕೊಂಡೊಯ್ಯುತ್ತದೆ. ಅಂದರೆ ಕುಳಿತವರಿಗೆ ಗಂಟೆಗೆ 150 ಮಿಲಿಲೀಟರ್ ಬೆವರು ಆರಿದರೆ ಸಾಕು. ಆದರೆ ತಂಪು ಸಿಗುವುದು ಆರಿದ ಬೆವರಿನಿಂದ ಮಾತ್ರ. ಹಣೆಯಿಂದ ತೊಟ್ಟಿಕ್ಕಿದ, ಬೈರಾಸಿನಲ್ಲಿ ಒರೆಸಿಕೊಂಡ ಬೆವರಿನಲ್ಲಿ ದೇಹದ ನೀರೂ ಉಪ್ಪೂ ಹೋಗುತ್ತವೆ, ಬಿಸಿ ಅಲ್ಲಿಯೇ ಉಳಿಯುತ್ತದೆ.

ಮಂಗಳೂರಿನಲ್ಲಿ ಮಧ್ಯಾಹ್ನ 34 ಡಿಗ್ರಿ ಉಷ್ಣತೆ, ಶೇಕಡ 65 ಸಾಪೇಕ್ಷ ಆರ್ದ್ರತೆ ಎಂದಿಟ್ಟುಕೊಳ್ಳೋಣ. ಕಲಬುರಗಿಯಲ್ಲಿ 42 ಡಿಗ್ರಿ, ಶೇಕಡ 20. ಬೆವರಿನಿಂದ ಒದ್ದೆಯಾದ ಚರ್ಮದ ಮೇಲಿನ ನೀರಾವಿಯ ಒತ್ತಡ ಸುಮಾರು 56 ಹೆಕ್ಟೋಪಾಸ್ಕಲ್. ಮಂಗಳೂರಿನ ಗಾಳಿಯಲ್ಲಿ ಅದು 35ರಷ್ಟು, ಕಲಬುರಗಿಯ ಗಾಳಿಯಲ್ಲಿ 16ರಷ್ಟು ಇರುತ್ತದೆ. ಬೆವರನ್ನು ಎಳೆದುಕೊಳ್ಳುವುದು ಈ ಎರಡರ ನಡುವಿನ ಅಂತರ: ಕಲಬುರಗಿಯಲ್ಲಿ 40, ಮಂಗಳೂರಿನಲ್ಲಿ 21. ಗಾಳಿಯ ವೇಗ ಒಂದೇ ಆಗಿದ್ದರೆ ಕರಾವಳಿಯಲ್ಲಿ ಬೆವರು ಆರುವ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗೆಂದು ಕಲಬುರಗಿಯದು ಹಗುರವಾದ ಬೇಸಿಗೆಯಲ್ಲ. ಅಲ್ಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿರುವುದರಿಂದ ಅದು ಮೈಗೆ ಬಿಸಿಯನ್ನು ತುಂಬುತ್ತದೆ, ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿ ನೀರಿನ ಕೊರತೆ ಅರಿವಿಗೆ ಬಾರದಂತೆ ಬೆಳೆಯುತ್ತದೆ. ಝಳದಲ್ಲಿ ದೇಹಕ್ಕೆ ಹೊರಗಿನಿಂದ ಬಿಸಿ ನುಗ್ಗುತ್ತದೆ. ಸೆಕೆಯಲ್ಲಿ ಒಳಗಿನ ಬಿಸಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಪರಿಹಾರಗಳು ಬೇರೆಬೇರೆಯಾಗುವುದು ಇಲ್ಲಿಂದಲೇ.

ಕರಾವಳಿಯವರು ಹುಟ್ಟಿನಿಂದಲೇ ಸೆಕೆಗೆ ಒಗ್ಗಿಕೊಂಡವರು, ಅವರಿಗೆ ಇದು ಬಾಧಕವಲ್ಲ ಎಂಬ ಮಾತು ಸಾಮಾನ್ಯ. ಒಗ್ಗಿಕೊಳ್ಳುವಿಕೆ ನಿಜವಾದ ದೇಹಕ್ರಿಯೆಯೇ. ಒಂದೆರಡು ವಾರ ಬಿಸಿಯಲ್ಲಿ ದುಡಿದವರಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಆದರೆ ಇವೆಲ್ಲ ಹೆಚ್ಚಿಸುವುದು ಬೆವರುವ ಶಕ್ತಿಯನ್ನು. ಬೆವರನ್ನು ಹೀರಿಕೊಳ್ಳುವ ಗಾಳಿಯ ಶಕ್ತಿ ಯಾರ ಅಭ್ಯಾಸದಿಂದಲೂ ಬದಲಾಗುವುದಿಲ್ಲ. ವೃದ್ಧರು, ಹಸುಗೂಸುಗಳು, ಬಸುರಿಯರು, ಹೃದಯ ಮತ್ತು ಮೂತ್ರಪಿಂಡದ ರೋಗಿಗಳಿಗೆ ಒಗ್ಗಿಕೊಳ್ಳುವ ಈ ಅವಕಾಶವೂ ಕಿರಿದು.

ಅಳತೆಗಳು

ಸೆಕೆಯನ್ನು ಅಳೆಯಲು ಒಣ ಉಷ್ಣತಾಮಾಪಕವೊಂದೇ ಸಾಲದು. ಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ ಸಿಗುವ ಒದ್ದೆಬಲ್ಬ್ ಉಷ್ಣತೆ, ಆವಿಯಾಗುವಿಕೆಯಿಂದ ಎಷ್ಟರಮಟ್ಟಿಗೆ ತಂಪು ದೊರೆಯಬಹುದು ಎಂಬುದನ್ನು ನೇರವಾಗಿ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಕಲಬುರಗಿಯ ಒದ್ದೆಬಲ್ಬ್ ಉಷ್ಣತೆ ಸುಮಾರು 24 ಡಿಗ್ರಿ, ಮಂಗಳೂರಿನದು ಸುಮಾರು 28.5. ಒಣ ಮಾಪಕದಲ್ಲಿ ಎಂಟು ಡಿಗ್ರಿ ತಂಪಾಗಿ ಕಂಡ ಊರು ಈ ಮಾಪಕದಲ್ಲಿ ನಾಲ್ಕೂವರೆ ಡಿಗ್ರಿ ಬಿಸಿ. ಒದ್ದೆಬಲ್ಬ್ ಉಷ್ಣತೆ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಕುಳಿತ ಆರೋಗ್ಯವಂತರೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರರು ಎಂದು 2010ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ಸೈದ್ಧಾಂತಿಕವಾಗಿ ತೋರಿಸಿದರು. ಪೆನ್ಸಿಲ್ವೇನಿಯಾದಲ್ಲಿ ಯುವಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ, ತೇವದ ವಾತಾವರಣದಲ್ಲಿ ಹಗುರ ಚಟುವಟಿಕೆ ನಡೆಸುವವರ ಒಳಮೈ ಉಷ್ಣತೆ, ಒದ್ದೆಬಲ್ಬ್ ಸುಮಾರು 31 ಡಿಗ್ರಿ ಇರುವಾಗಲೇ ಹತೋಟಿ ತಪ್ಪಿ ಏರತೊಡಗುತ್ತದೆ. ಕರಾವಳಿಯ ಸಾಧಾರಣ ಬೇಸಿಗೆಯ ದಿನಕ್ಕೂ ಈ ಮಿತಿಗೂ ನಡುವಿನ ಅಂತರ ಎರಡು ಮೂರು ಡಿಗ್ರಿ ಮಾತ್ರ.

ಉಷ್ಣತೆ ಮತ್ತು ಆರ್ದ್ರತೆಯನ್ನು ಕೂಡಿಸಿ ‘ಅನುಭವಕ್ಕೆ ಬರುವ’ ಬಿಸಿಯನ್ನು ಹೇಳುವ ತಾಪ ಸೂಚ್ಯಂಕವನ್ನು ರಾಬರ್ಟ್ ಸ್ಟೆಡ್‌ಮನ್ 1979ರಲ್ಲಿ ರೂಪಿಸಿದ. ದುಡಿಮೆಯ ಜಾಗಗಳಿಗೆ ಇನ್ನೂ ಹೊಂದುವುದು ಒದ್ದೆಬಲ್ಬ್–ಗೋಳ ಉಷ್ಣತೆ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಸೈನಿಕರು ಕುಸಿದು ಬೀಳುವುದನ್ನು ತಡೆಯಲು ಹುಟ್ಟಿದ ಈ ಅಳತೆಯಲ್ಲಿ ಒದ್ದೆಬಲ್ಬ್‌ಗೆ ಹತ್ತರಲ್ಲಿ ಏಳು ಪಾಲು, ಬಿಸಿಲನ್ನು ಹೀರುವ ಕಪ್ಪು ಗೋಳಕ್ಕೆ ಎರಡು ಪಾಲು, ಒಣ ಉಷ್ಣತೆಗೆ ಒಂದೇ ಪಾಲು.

ಭಾರತ ಹವಾಮಾನ ಇಲಾಖೆಯ ‘ಉಷ್ಣ ಅಲೆ’ಯ ವ್ಯಾಖ್ಯೆ ಒಣ ಉಷ್ಣತೆಯನ್ನೇ ಆಧರಿಸಿದೆ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಬೇಕು. ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ ಮೂರು ಡಿಗ್ರಿ ಇಳಿಸಿರುವುದರಿಂದ ತೇವಾಂಶಕ್ಕೆ ಲೆಕ್ಕ ಸಿಕ್ಕಿದೆ ಎಂದು ವಾದಿಸಬಹುದು. ಮಂಗಳೂರಿನಲ್ಲಿ 37 ಡಿಗ್ರಿ ದಾಟುವುದು ಎಂಥ ದಿನಗಳಲ್ಲಿ ಎಂದು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಘಟ್ಟದ ಕಡೆಯಿಂದ ಬೀಸುವ ಮೂಡಣ ಗಾಳಿ ಬಲವಾಗಿ, ಕಡಲಗಾಳಿ ತಡವಾದಾಗ ಉಷ್ಣತೆ ಹಾಗೆ ಜಿಗಿಯುತ್ತದೆ. ಫೆಬ್ರವರಿ ಕೊನೆ ಮತ್ತು ಮಾರ್ಚ್ ಅದಕ್ಕೆ ತಕ್ಕ ಕಾಲ. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿ ಜಿಲ್ಲೆಗಳಿಗೆ ಉಷ್ಣ ಅಲೆಯ ಮುನ್ಸೂಚನೆ ಬಂದಿತ್ತು. ನೆಲದ ಮೇಲಿಂದ ಬರುವ ಆ ಮೂಡಣ ಗಾಳಿ ಕಡಲಗಾಳಿಗಿಂತ ಒಣಗಿರುತ್ತದೆ. ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ, ಕಡಲಗಾಳಿ ಉಷ್ಣತೆಯನ್ನು 34–35 ಡಿಗ್ರಿಯಲ್ಲಿ ಹಿಡಿದಿಟ್ಟು ನೀರಾವಿಯನ್ನು ತುಂಬುವ ದಿನಗಳು, ದೇಹಕ್ಕೆ ಹೆಚ್ಚು ಭಾರವಾದರೂ, ವ್ಯಾಖ್ಯೆಯ ಹೊರಗೆ ಉಳಿಯುತ್ತವೆ. ‘ಬಿಸಿ ರಾತ್ರಿ’ಯ ವ್ಯಾಖ್ಯೆಯಲ್ಲೂ ಇದೇ ಕೊರತೆ. ಹಗಲಿನ ಗರಿಷ್ಠ 40 ಡಿಗ್ರಿ ಇದ್ದರೆ ಮಾತ್ರ ರಾತ್ರಿಯ ಉಷ್ಣತೆಯನ್ನು ಪರಿಗಣಿಸುವುದರಿಂದ, ಕಿಟಕಿ ತೆರೆದರೂ ಹಾಸಿಗೆ ಒದ್ದೆಯಾಗುವ ಕರಾವಳಿಯ ರಾತ್ರಿಗಳಿಗೆ ಅದರಲ್ಲಿ ಜಾಗವೇ ಇಲ್ಲ.

ಹವಾಗುಣದ ಪ್ರಕಾರಗಳು

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಗುಣ ವಲಯಗಳಾಗಿ ವಿಂಗಡಿಸುತ್ತದೆ: ಬಿಸಿ–ಒಣ, ಬೆಚ್ಚನೆ–ತೇವ, ಮಿಶ್ರ, ಸಮಶೀತೋಷ್ಣ, ಶೀತ. ಮಂಗಳೂರು ಬೆಚ್ಚನೆ–ತೇವ ವಲಯಕ್ಕೆ, ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರಿವೆ. ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದ್ದುಂಟು. ಆದರೂ ಸುಮಾರು 900 ಮೀಟರ್ ಎತ್ತರದ ಆ ಊರಿನಲ್ಲಿ ರಾತ್ರಿಗಳು ತಣಿಯುತ್ತವೆ. ಕರಾವಳಿಯ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕೊಲ್ಲಿ ರಾಷ್ಟ್ರಗಳದು ಇನ್ನೊಂದು ಬಗೆ: ದುಬೈ, ದೋಹಾಗಳಲ್ಲಿ ಮರುಭೂಮಿಯ ಉಷ್ಣತೆಯ ಮೇಲೆ ಬೆಚ್ಚಗಿನ ಆಳವಿಲ್ಲದ ಕಡಲಿನ ತೇವ ಕೂಡುತ್ತದೆ. ಮನುಷ್ಯನೇ ಮಾಡಿಕೊಂಡ ಸೆಕೆಯೂ ಉಂಟು. ಮೂರು ಕಿಲೋಮೀಟರ್‌ಗೂ ಮಿಗಿಲಾಗಿ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳ ತಳದಲ್ಲಿ, ಕಾದ ಬಂಡೆಯ ನಡುವೆ ಗಾಳಿಯನ್ನು ತಂಪುಮಾಡಿ ಕೆಳಗಿಳಿಸದೆ ದುಡಿಮೆ ಸಾಧ್ಯವಿರಲಿಲ್ಲ.

ಕಟ್ಟಡ

ಝಳದ ಊರುಗಳ ಮನೆ ಹಗಲನ್ನು ಹೊರಗಿಡುತ್ತದೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಹಗಲಿನ ಬಿಸಿ ಗೋಡೆಯನ್ನು ದಾಟಿ ಒಳಬರುವ ಹೊತ್ತಿಗೆ ಹೊರಗೆ ರಾತ್ರಿಯಾಗಿರುತ್ತದೆ, ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಾರೆ. ಹಗಲು–ರಾತ್ರಿಯ ಉಷ್ಣತೆಯಲ್ಲಿ ದೊಡ್ಡ ಅಂತರವಿರುವ ಕಡೆ ಮಾತ್ರ ಈ ಉಪಾಯ ಫಲಿಸುತ್ತದೆ. ಮಂಗಳೂರಿನಲ್ಲಿ ಮೇ ತಿಂಗಳ ರಾತ್ರಿಯೂ 25–26 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ್ದರಿಂದ, ಗೋಡೆಯಲ್ಲಿ ಕೂಡಿಟ್ಟ ಬಿಸಿಗೆ ಹೋಗಲು ದಾರಿಯಿಲ್ಲ. ಕರಾವಳಿಯ ಹಳೆಯ ಮನೆ ಹಗಲನ್ನು ಹೊರಗಿಡಲು ಹೋಗದೆ, ಬಿಸಿಲನ್ನು ಮಾತ್ರ ತಡೆದು ಗಾಳಿಯನ್ನು ಹಾಯಿಸುತ್ತಿತ್ತು. ಉದ್ದಕ್ಕೆ ಚಾಚಿದ ಇಳಿಮಾಡು, ಮೂರು ಕಡೆ ತೆರೆದ ಚಾವಡಿ, ಜಗಲಿ, ಎದುರುಬದುರಾದ ಬಾಗಿಲು ಕಿಟಕಿಗಳು, ಮರದ ಮುಚ್ಚಿಗೆಯ ಮೇಲೆ ಅಟ್ಟ, ಅದರ ಮೇಲೆ ಹಂಚು. ಅಟ್ಟದಲ್ಲಿ ಕಾದ ಗಾಳಿ ಹಂಚುಗಳ ಸಂದಿಯಿಂದ ಹೊರಹೋಗುತ್ತಿತ್ತು. ಮುಳಿಹುಲ್ಲು, ತೆಂಗಿನ ಮಡಲಿನ ಮಾಡಿಗೆ ಬದಲಾಗಿ ಹಂಚು ಹರಡಿದ್ದು 1865ರಲ್ಲಿ ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ. ‘ಮಂಗಳೂರು ಹಂಚು’ ಇಲ್ಲಿಂದ ದೇಶವಿದೇಶಗಳಿಗೆ ಹೋಯಿತು.

ಹಾಗಾದರೆ ಹಂಚಿನ ಮನೆಗೆ ಮರಳುವುದೇ ಪರಿಹಾರವೇ? ಅಷ್ಟು ಸುಲಭವಾಗಿ ಹೌದೆನ್ನಲಾಗದು. ಮುಚ್ಚಿಗೆಯಿಲ್ಲದ ಹಂಚಿನ ಮಾಡು ನಡುಹಗಲಿನಲ್ಲಿ ಚೆನ್ನಾಗಿಯೇ ಕಾಯುತ್ತದೆ. ಸಂಜೆಯಾದೊಡನೆ ಬೇಗ ತಣಿಯುವುದು ಅದರ ಗುಣ. ಗುತ್ತಿನ ಮನೆಯನ್ನು (ಹಳೆಯ ದೊಡ್ಡ ಮನೆತನದ ಮನೆಯನ್ನು) ತಂಪಾಗಿಟ್ಟದ್ದರಲ್ಲಿ ಹಂಚಿಗಿಂತ ಸುತ್ತಲಿನ ತೋಟ, ಹಲಸು ಮಾವಿನ ನೆರಳು, ಗಾಳಿಗೆ ತೆರೆದ ಗದ್ದೆ ಇವುಗಳ ಪಾಲು ಹೆಚ್ಚು. ಐದು ಸೆಂಟ್ಸ್ ಜಾಗದಲ್ಲಿ ನೆರೆಮನೆಯ ಗೋಡೆಗೆ ಮುಖಮಾಡಿದ ಕಿಟಕಿಗೆ ಯಾವ ಹಂಚು ಹಾಕಿದರೂ ಗಾಳಿ ಬಾರದು. ಹಳೆಯ ಮನೆಯಿಂದ ಉಳಿಸಿಕೊಳ್ಳಬೇಕಾದ್ದು ಅದರ ತತ್ವ: ಮಾಡಿಗೆ ನೆರಳು, ಕೋಣೆಗೆ ಎರಡು ದಿಕ್ಕಿನ ತೆರಪು. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿ ದುಡಿದ ಜರ್ಮನ್ ಮೂಲದ ಓಟೊ ಕೋನಿಗ್ಸ್‌ಬರ್ಗರ್, ಮುಂದೆ ಸಹಲೇಖಕರೊಡನೆ ಬರೆದ ಉಷ್ಣವಲಯದ ಕಟ್ಟಡ ಕೈಪಿಡಿಯಲ್ಲಿ ಹವಾಗುಣಕ್ಕೆ ತಕ್ಕ ವಿನ್ಯಾಸವನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟರು. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರಕಾರ 2018ರಲ್ಲಿ ಹೊರತಂದ ಇಕೊ ನಿವಾಸ ಸಂಹಿತೆಯೂ ಅದೇ ದಾರಿಯದು. ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇಕಡ ಎಷ್ಟಿರಬೇಕು ಎಂಬುದಕ್ಕೆ ಅದು ಬಿಸಿ–ಒಣ ವಲಯದಲ್ಲಿ 10, ಬೆಚ್ಚನೆ–ತೇವ ವಲಯದಲ್ಲಿ 16.66 ಎಂದು ಕನಿಷ್ಠ ಮಿತಿ ಹಾಕಿದೆ. ಕಿಟಕಿಯ ಅರ್ಧ ಭಾಗ ಮಾತ್ರ ತೆರೆಯುವ ಜಾರುಗಾಜಿನ ಚೌಕಟ್ಟುಗಳು ಈ ಲೆಕ್ಕದಲ್ಲಿ ಅರ್ಧ ಕಿಟಕಿಗಳೇ. ಮಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಅವು ಬಹಳ.

ಕಾಂಕ್ರೀಟ್ ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ಕೆಳಗಿನ ಕೋಣೆಗೆ ಬಿಸಿ ಸುರಿಸುತ್ತದೆ. ಅಹಮದಾಬಾದ್, ಹೈದರಾಬಾದ್‌ಗಳಲ್ಲಿ ತಾರಸಿಗೆ ಬಿಳಿ ಬಣ್ಣ ಬಳಿಯುವ ‘ತಂಪು ಮಾಡು’ ಯೋಜನೆಗಳು ನಡೆದಿವೆ, ತೆಲಂಗಾಣ 2023ರಲ್ಲಿ ಅದಕ್ಕೆಂದೇ ನೀತಿಯನ್ನೂ ತಂದಿತು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಒಂದೇ ಮಳೆಗಾಲಕ್ಕೆ ಬಿಳಿ ತಾರಸಿ ಪಾಚಿಗಟ್ಟಿ ಕಪ್ಪಾಗುತ್ತದೆ, ಪ್ರತಿ ಬೇಸಿಗೆಗೂ ಉಜ್ಜಿ ಬಳಿಯಬೇಕು. ಇಲ್ಲಿನ ಜನ ಸೋರಿಕೆ ತಡೆಯಲೆಂದು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ಹಾಕಿಸಿಕೊಂಡ ಶೀಟು ಅಥವಾ ಹಂಚಿನ ಎರಡನೇ ಮಾಡು ತಾನಾಗಿಯೇ ಒಳ್ಳೆಯ ಪರಿಹಾರವಾಗಿದೆ. ಬದಿಗಳು ತೆರೆದಿದ್ದರೆ ಅದು ತಾರಸಿಗೆ ದಿನವಿಡೀ ನೆರಳು, ನಡುವೆ ಗಾಳಿಯ ಹಾದಿ. ಶಕ್ತಿನಗರದಂಥ ಬಡಾವಣೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಈ ಕ್ರಮವನ್ನು ಯೋಜನೆಗಳು ಗುರುತಿಸಿ ಬೆಂಬಲಿಸುವುದು ಬಿಳಿ ಬಣ್ಣದ ಡಬ್ಬಿ ಹಂಚುವುದಕ್ಕಿಂತ ಸಮಂಜಸ.

ಉಪಕರಣಗಳು

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಚರ್ಮಕ್ಕೆ ಅಂಟಿಕೊಂಡ ತೇವದ ಪದರವನ್ನು ಸರಿಸಿ ಬೆವರಿಗೆ ದಾರಿ ಕೊಡುತ್ತದೆ. ಗಾಳಿ ಚರ್ಮಕ್ಕಿಂತ ತಣ್ಣಗಿರುವ ಕರಾವಳಿಯಲ್ಲಿ ಅದರ ಉಪಯೋಗ ಪೂರ್ಣ. ಉಷ್ಣತೆ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬಿಸಿಯನ್ನೇ ಮೈಗೆ ಬೀಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕಲಬುರಗಿಗೆ ವರವಾದ ನೀರಿನ ಏರ್‌ಕೂಲರ್, ಒದ್ದೆ ಲಾವಂಚದ ತಟ್ಟಿಗಳು ಗಾಳಿಗೆ ನೀರಾವಿ ಸೇರಿಸಿ ತಂಪು ಕೊಡುವಂಥವು. ಮಂಗಳೂರಿನಲ್ಲಿ ಅವು ಕೆಲವೇ ಡಿಗ್ರಿ ಇಳಿಸುವಷ್ಟರಲ್ಲಿ ಕೋಣೆಯ ತೇವ ಇನ್ನಷ್ಟು ಏರಿ, ಸೆಕೆ ಉಲ್ಬಣಿಸುತ್ತದೆ. ಎಸಿ ಗಾಳಿಯ ನೀರಾವಿಯನ್ನು ಹಿಂಡಿ ತೆಗೆಯುವುದರಿಂದ ಸೆಕೆಗೆ ನೇರವಾದ ಮದ್ದು. ಎಲ್ಲರಿಗೂ ಎಸಿ ಕೊಟ್ಟರೆ ಮುಗಿಯಿತಲ್ಲ ಎಂದರೆ, ದಕ್ಕೆಯಲ್ಲಿ ಮೀನು ಇಳಿಸುವವರಿಗೆ, ಗೇರುಬೀಜ ಹುರಿಯುವವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ ಅದು ತಲುಪುವುದಿಲ್ಲ. ಎಸಿಗೆಂದೇ ಕಟ್ಟಿದ ಮುಚ್ಚಿದ ಕೋಣೆ ಕರೆಂಟು ಹೋದ ಕ್ಷಣ ಹಳೆಯ ಕೋಣೆಗಿಂತ ಅಸಹನೀಯ. ಹೊರಗಿನ ಘಟಕ ಉಗುಳುವ ಬಿಸಿ ಓಣಿಯ ಎದುರು ಮನೆಗೆ ಹೋಗುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳು ತಾವಾಗಿ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮವಿದೆ. ಫ್ಯಾನ್ ಜೊತೆಗಿದ್ದರೆ 26–27 ಡಿಗ್ರಿಯೂ ಸಾಕಾಗುತ್ತದೆ.

ಉಡುಗೆ, ಆಹಾರ, ನೀರು

ಝಳದಲ್ಲಿ ಮೈಮುಚ್ಚುವುದು, ತಲೆಗೆ ರುಮಾಲು ಸುತ್ತುವುದು ಸರಿ. ನೆರಳಿನ ಸೆಕೆಯಲ್ಲಿ ಮೈತೆರೆಯುವುದು ಸರಿ. ಕರಾವಳಿಯ ಗಂಡಸರು ಪಂಚೆಯುಟ್ಟು ಬೈರಾಸು ಹೆಗಲಿಗೆ ಹಾಕುತ್ತಿದ್ದುದು, ಬಿಸಿಲಿಗಿಳಿಯುವಾಗ ಅಡಿಕೆ ಹಾಳೆಯ ಮುಟ್ಟಾಳೆ ಇಡುತ್ತಿದ್ದುದು ಇದಕ್ಕೆ ಹೊಂದಿತ್ತು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಉಪ್ಪು ಹಾಕಿದ ನೀರುಮಜ್ಜಿಗೆ, ಬೊಂಡ (ಎಳನೀರು), ಪುನರ್ಪುಳಿ ಶರಬತ್ತು, ಉತ್ತರದಲ್ಲಿ ಜೋಳದ ಅಂಬಲಿ ಇವೆಲ್ಲ ಬೆವರಿನಲ್ಲಿ ಹೋದ ನೀರನ್ನೂ ಲವಣವನ್ನೂ ಮರಳಿಸುತ್ತವೆ. ಹೆಚ್ಚು ಬೆವರಿದವರು ಉಪ್ಪಿಲ್ಲದ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಕುಸಿಯುವ ಅಪಾಯವುಂಟು. ಮೂತ್ರಪಿಂಡ, ಹೃದಯ, ರಕ್ತದೊತ್ತಡದ ರೋಗಿಗಳಿಗೆ ಉಪ್ಪು, ಬೊಂಡ ಎರಡರ ಪ್ರಮಾಣವೂ ವೈದ್ಯರು ಹೇಳಿದಷ್ಟೇ.

ದಿನಕ್ಕೆರಡು ಸ್ನಾನ ಸೆಕೆಯ ಸರಳ ಚಿಕಿತ್ಸೆ. ಬೆವರುಸಾಲೆಯನ್ನೂ ಅದು ತಡೆಯುತ್ತದೆ. ಅದಕ್ಕೆ ನೀರು ಬೇಕು. ಮಂಗಳೂರಿಗೆ ನೀರುಣಿಸುವ ನೇತ್ರಾವತಿಯ ತುಂಬೆ ಅಣೆಕಟ್ಟಿನ ಮಟ್ಟ ಸೆಕೆ ಏರುವ ಕಾಲದಲ್ಲೇ ಇಳಿಯುತ್ತದೆ. 2019 ಮತ್ತು 2023ರ ಬೇಸಿಗೆಗಳಲ್ಲಿ ನಗರದಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ಕೊಳವೆಯ ಒತ್ತಡ ಕುಗ್ಗುವುದು ಎತ್ತರದ ಬಡಾವಣೆಗಳಲ್ಲಿ. ನೀರು ಸರಬರಾಜನ್ನು ಸೆಕೆಯ ಯೋಜನೆಯ ಭಾಗವೆಂದೇ ಎಣಿಸುವುದಕ್ಕೆ ಇದು ಸಾಕಷ್ಟು ಕಾರಣ.

ಕಾಯಿಲೆ ಮತ್ತು ಪ್ರಥಮ ಚಿಕಿತ್ಸೆ

ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ, ಅತಿ ಬೆವರು ತಾಪದ ಬಳಲಿಕೆಯ ಲಕ್ಷಣಗಳು. ಒಳಮೈ ಉಷ್ಣತೆ 40 ಡಿಗ್ರಿ ದಾಟಿ ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ, ಪ್ರಜ್ಞೆ ಹೋದರೆ ಅದು ತಾಪಾಘಾತ. ಬೆವರು ಇರಲಿ ಇಲ್ಲದಿರಲಿ, ಜೀವಾಪಾಯ. ಮೊದಲು ತಂಪು ಮಾಡಬೇಕು, ಆಸ್ಪತ್ರೆಯ ವಾಹನ ಬರುವವರೆಗೂ ನಿಲ್ಲಿಸಬಾರದು. ಇಲ್ಲಿಯೂ ಹವಾಗುಣದ ಭೇದವಿದೆ. ಒಣ ಊರಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿದರೆ ಬೇಗ ತಣಿಯುತ್ತದೆ. ತೇವದ ಊರಿನಲ್ಲಿ ಆ ಆವಿಯಾಗುವಿಕೆ ದುರ್ಬಲವಾದ್ದರಿಂದ ತಣ್ಣೀರಿನಲ್ಲಿ ಮೈ ಮುಳುಗಿಸುವುದು, ಮೇಲಿಂದ ಮೇಲೆ ತಣ್ಣೀರು ಸುರಿಯುವುದು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡುವುದು ಹೆಚ್ಚು ನಂಬಿಕೆಗೆ ಅರ್ಹ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ದುಡಿಮೆಯ ನಿಯಮಗಳು ಮತ್ತು ಇಂದಿನ ಸ್ಥಿತಿ

2010ರ ಮೇ ತಿಂಗಳ ಉಷ್ಣ ಅಲೆಯಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳನ್ನು ಕಂಡ ಅಹಮದಾಬಾದ್ 2013ರಲ್ಲಿ ರೂಪಿಸಿದ ಕ್ರಿಯಾಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ದೇಶದ ಇತರ ಕಡೆಗಳ ಯೋಜನೆಗಳಿಗೆ ಅದೇ ಮಾದರಿಯಾಯಿತು. ಆದರೆ ಅಹಮದಾಬಾದ್ ಒಣ ಊರು. ಕರ್ನಾಟಕದಲ್ಲಿ ಏಪ್ರಿಲ್–ಮೇ ತಿಂಗಳುಗಳಿಗೆ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಅನ್ವಯಿಸುತ್ತದೆ. ಕರಾವಳಿ ಜಿಲ್ಲೆಗಳು ಆ ಪಟ್ಟಿಯಲ್ಲಿಲ್ಲ. ಗಡಿಯ ತಲಪಾಡಿ ದಾಟಿ ಕೇರಳದ ಮಂಜೇಶ್ವರಕ್ಕೆ ಹೋದರೆ, ಅದೇ ಸೆಕೆಯಲ್ಲಿ, ಬಿಸಿಲಿನಲ್ಲಿ ದುಡಿಯುವವರಿಗೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕೊಡಬೇಕೆಂಬ ಕೇರಳ ಕಾರ್ಮಿಕ ಇಲಾಖೆಯ ಆದೇಶ ಜಾರಿಯಲ್ಲಿರುತ್ತದೆ. ಮಧ್ಯಾಹ್ನದ ವಿರಾಮದಿಂದ ಕೂಲಿ ಕಡಿತವಾಗುತ್ತದೆ ಎಂಬ ಆಕ್ಷೇಪಕ್ಕೆ ಕೇರಳದ ಉತ್ತರ, ಎಂಟು ಗಂಟೆಯ ದುಡಿಮೆಯನ್ನು ಮುಂಜಾನೆ ಮತ್ತು ಸಂಜೆಗೆ ಹಂಚುವುದು.

ಉಷ್ಣತೆಯ ಬದಲು ಒದ್ದೆಬಲ್ಬ್–ಗೋಳ ಅಳತೆಯನ್ನು ನಿಯಮಕ್ಕೆ ತಂದ ದೇಶಗಳೂ ಇವೆ. ಕತಾರ್ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಹೊರಗಿನ ದುಡಿಮೆಯನ್ನು ನಿಷೇಧಿಸಿದ್ದಲ್ಲದೆ, ಈ ಅಳತೆ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲೇ ಆಗಲಿ ಕೆಲಸ ನಿಲ್ಲಿಸಬೇಕೆಂದಿದೆ. ಜಪಾನ್ 2025ರ ಜೂನ್‌ನಿಂದ 28 ಡಿಗ್ರಿಯ ಮಟ್ಟದಲ್ಲೇ ಮಾಲೀಕರಿಗೆ ಮುನ್ನೆಚ್ಚರಿಕೆಯ ಕರ್ತವ್ಯ ವಿಧಿಸಿದೆ. ಮಂಗಳೂರಿನ ಕಾರ್ಮಿಕ ದೋಹಾದಲ್ಲಿದ್ದಾಗ ಸಿಗುವ ಈ ರಕ್ಷಣೆ ಊರಿಗೆ ಮರಳಿದಾಗಲೂ ಅಷ್ಟೇ ಅಗತ್ಯ. ಭಾರತ ಹವಾಮಾನ ಇಲಾಖೆ 2023ರಲ್ಲಿ ಪ್ರಾಯೋಗಿಕವಾಗಿ ತಾಪ ಸೂಚ್ಯಂಕ ಪ್ರಕಟಿಸತೊಡಗಿದೆ, ‘ಬಿಸಿ ಮತ್ತು ತೇವದ ವಾತಾವರಣ’ ಎಂಬ ಎಚ್ಚರಿಕೆಯನ್ನೂ ಕರಾವಳಿಗೆ ಕೊಡುತ್ತಿದೆ. ಮಂಗಳೂರಿನ ಹೆಸರಿನಲ್ಲಿ ವರದಿಯಾಗುವ ಅಂಕಿಗಳು ಕಡಲ ಬದಿಯ ಪಣಂಬೂರು ಮತ್ತು ಬಜ್ಪೆಯ ವಿಮಾನ ನಿಲ್ದಾಣದವು. ಗಾಳಿ ತೆರೆದಿರುವ ಆ ಎರಡು ಜಾಗಗಳ ಮಾಪಕ, ಶಕ್ತಿನಗರದ ಒತ್ತೊತ್ತಾದ ಮನೆಗಳ ನಡುವಿನ ನಿಂತ ಗಾಳಿಯ ಸೆಕೆಯನ್ನು ತೋರಿಸಲಾರದು. ಬಡಾವಣೆಗಳ ಮಟ್ಟದಲ್ಲಿ ಒದ್ದೆಬಲ್ಬ್–ಗೋಳ ಮಾಪಕಗಳನ್ನು ನಿಲ್ಲಿಸಿ, ಅವುಗಳ ಆಧಾರದ ಮೇಲೆ ದುಡಿಮೆಯ ವೇಳೆಯನ್ನು ನಿಗದಿಪಡಿಸುವ ಕೆಲಸ ಇನ್ನು ಆಗಬೇಕಾಗಿದೆ.